ಎರಡು ತಲೆಯ ಬಾಣ

ಮಾರ್ಚ್ ೪, ಸೋಮವಾರ

ಇವತ್ತು ಹಡಗು ನನ್ನ ಕೈಗೆ ಬಂತು. ಹಡಗೆಂದರೆ ಇನ್ನೂ ಹಡಗಲ್ಲ, ಒಂದು ದಪ್ಪ ಕಡತ. ನೌಕಾಪಡೆಯವರಿಗೆ ಒಂದು ತಾಯಿ ಹಡಗು ಬೇಕಂತೆ. ಅದರ ಹೊಟ್ಟೆಯೊಳಗೆ ನಾಲ್ಕು ಜನರಹಿತ ದೋಣಿಗಳು ಇರಬೇಕು. ಅವು ತಾವಾಗಿಯೇ ಕಡಲಿಗಿಳಿದು, ನೀರಿನಡಿ ಯಾರೋ ಹುದುಗಿಸಿಟ್ಟ ಸಿಡಿಮದ್ದನ್ನು ಹುಡುಕಿ, ಒಬ್ಬ ಮನುಷ್ಯನ ಕಾಲೂ ಒದ್ದೆಯಾಗದಂತೆ ಮರಳಿ ಬರಬೇಕು.

ನಮ್ಮ ವಿನ್ಯಾಸ ಕಚೇರಿಯ ನಿರ್ದೇಶಕರನ್ನು ನಾವೆಲ್ಲ ದೊಡ್ಡವರು ಎನ್ನುತ್ತೇವೆ. ಅವರು ನನ್ನನ್ನು ಕರೆಸಿ, "ಇಡೀ ಕಚೇರಿಯಲ್ಲಿ ಮನುಷ್ಯರನ್ನ ಕಂಡ್ರೆ ಆಗದವರು ನೀವೊಬ್ಬರೇ. ಈ ಕೆಲಸಕ್ಕೆ ನೀವೇ ಸರಿ" ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡೆ.

ನಿಜ ಹೇಳಬೇಕೆಂದರೆ ಹಡಗುಗಳನ್ನು ಕೆಡಿಸುವುದೇ ಮನುಷ್ಯರು. ಮಲಗಲು ಮಂಚ ಬೇಕು, ಸ್ನಾನಕ್ಕೆ ಬಿಸಿನೀರು ಬೇಕು, ಉಸಿರಾಡಲು ಗಾಳಿ ಬೇಕು. ಇಷ್ಟೆಲ್ಲ ಕೊಟ್ಟ ಮೇಲೆ ಗೊಣಗುವುದಕ್ಕೆ ಒಂದು ಕೋಣೆ ಬೇಕು. ಯಂತ್ರ ಇದ್ಯಾವುದನ್ನೂ ಕೇಳುವುದಿಲ್ಲ.

ಇಳಿಜಾರಿನ ಲೆಕ್ಕ ತಲೆಯಲ್ಲಿಟ್ಟುಕೊಂಡು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ದೂರದ ಊರಿನ ನರ್ಸಿಂಗ್ ಶಾಲೆಯಲ್ಲಿ ಅವಳಿಗೆ ಪಾಠ ಹೇಳುವ ಕೆಲಸ ಸಿಕ್ಕಿದೆಯಂತೆ. ರೈಲಿನಲ್ಲಿ ಒಂದು ಹಗಲಿನ ದಾರಿ.

"ಮೊದಲು ಮೂರು ತಿಂಗಳು ನೋಡ್ತಾರಂತೆ. ಆಮೇಲೆ ಖಾಯಂ. ಅಲ್ಲೇ ಉಳೀತೀನಾ ಇಲ್ವಾ ಅಂತ ಜೂನ್ ಕೊನೆಗೆ ನಾನು ಹೇಳಬೇಕು" ಎಂದಳು.

"ಹೋಗು. ಯಾವಾಗ ಬೇಕಾದ್ರೂ ವಾಪಸ್ ಬರಬಹುದಲ್ಲ" ಎಂದೆ.

"ಅಷ್ಟೇನಾ?"

"ಮತ್ತೇನು? ನಾನೇನು ತಡೆದೆನಾ?"

ಇಷ್ಟು ವರ್ಷಗಳ ಸಂಸಾರದಲ್ಲಿ ಇಷ್ಟು ಉದಾರವಾಗಿ ನಾನು ನಡೆದುಕೊಂಡದ್ದು ಕಡಿಮೆ. ಅವಳ ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ. ಹೆಂಗಸರನ್ನು ಮೆಚ್ಚಿಸುವುದು ನೌಕಾಪಡೆಯನ್ನು ಮೆಚ್ಚಿಸುವುದಕ್ಕಿಂತ ಕಷ್ಟ.

ಮಾರ್ಚ್ ೧೮, ಸೋಮವಾರ

ಹೊರಟಳು. ಟ್ಯಾಕ್ಸಿಗೆ ಪೆಟ್ಟಿಗೆ ಇಟ್ಟದ್ದು ನಾನೇ. ನಿಲ್ದಾಣದವರೆಗೆ ಹೋಗಲಾಗಲಿಲ್ಲ, ದೊಡ್ಡವರ ಸಭೆ ಇತ್ತು.

ಹೋದವಳು ತನ್ನ ಅಪ್ಪನನ್ನು ನನಗೆ ಬಿಟ್ಟು ಹೋಗಿದ್ದಾಳೆ. ಮಾವ ನಿವೃತ್ತ ಕೋರ್ಟು ಗುಮಾಸ್ತರು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಕೋರ್ಟು ಅವರನ್ನು ಬಿಟ್ಟಿಲ್ಲ. ಬೆಳಿಗ್ಗೆ ನಾನು ಮೊಟ್ಟೆ ಬೇಯಿಸಲೇ ಎಂದು ಕೇಳಿದರೆ, "ಅಳಿಯಂದ್ರೇ, ಅರ್ಜಿ ಸ್ವೀಕರಿಸಲಾಗಿದೆ" ಎನ್ನುತ್ತಾರೆ. ಬೆಂದಿಲ್ಲವಾದರೆ, "ಮರುವಿಚಾರಣೆ" ಎಂದು ತಟ್ಟೆಯನ್ನು ವಾಪಸು ತಳ್ಳುತ್ತಾರೆ.

ಮಾರ್ಚ್ ೨೭, ಬುಧವಾರ

ದೋಣಿ ಇಳಿಸುವ ನಕ್ಷೆಗಳು ಮುಗಿದವು. ಹಡಗಿನ ಹಿಂಭಾಗದಲ್ಲಿ ದೋಣಿಗೂಡು. ಗೂಡಿನ ಬಾಗಿಲು ತೆರೆಯುತ್ತದೆ, ಇಳಿಜಾರು ಹೊರಚಾಚುತ್ತದೆ, ಕೊಂಡಿ ಬಿಡುತ್ತದೆ, ದೋಣಿ ಬೆಣ್ಣೆಯ ಮೇಲೆ ಜಾರಿದ ಹಾಗೆ ನೀರಿಗೆ ಜಾರುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ನಕ್ಷೆ ಬರೆದಿದ್ದೇನೆ. ಕೊಂಡಿಯ ತಿರುಪಿಗೂ ಒಂದಿದೆ.

ಸಂಜೆಯ ಹೊತ್ತಿಗೆ ಬ್ಯಾಟರಿ ಬಂದು ಇಣುಕಿದ. ವಿದ್ಯುತ್ ವಿಭಾಗದ ಮುಖ್ಯಸ್ಥನಿಗೆ ನಾವಿಟ್ಟ ಹೆಸರು ಅದು. ಯಾವಾಗಲೂ ಚಾರ್ಜ್ ಆಗಿರುತ್ತಾನೆ, ಆದರೆ ಕೆಲಸದ ಹೊತ್ತಿಗೆ ಇಳಿದಿರುತ್ತಾನೆ.

"ವಾಪಸ್ ಬರೋದು ಎಲ್ಲಿದೆ?" ಎಂದ.

ಕೊನೆಯ ನಕ್ಷೆಯಲ್ಲಿ ಗೂಡಿನಿಂದ ನೀರಿಗೆ ಒಂದು ಬಾಣ ಎಳೆದಿದ್ದೆನಲ್ಲ, ಅದರ ಹಿಂಬದಿಗೂ ಒಂದು ತಲೆ ಬರೆದು ಕೊಟ್ಟೆ. "ಹೋದ ದಾರಿಯಲ್ಲೇ ಬರುತ್ತೆ" ಎಂದೆ. ಒಂದೇ ಗೀಟಿನಲ್ಲಿ ಒಂದು ತಿಂಗಳ ಕೆಲಸ ಉಳಿಯಿತು. ಇಂಥದ್ದು ಹೊಳೆಯಲು ಅನುಭವ ಬೇಕು.

ಏಪ್ರಿಲ್ ೫, ಶುಕ್ರವಾರ

ಜನರಹಿತ ಯಾನಗಳ ಸಮನ್ವಯ ಸಮಿತಿಯ ಮೊದಲ ಸಭೆ. ಜನರಹಿತ ಯಾನಕ್ಕೆ ಎಷ್ಟು ಜನ ಬಂದಿದ್ದರೆಂದರೆ ಪಕ್ಕದ ಕೋಣೆಯಿಂದ ಕುರ್ಚಿ ತರಿಸಬೇಕಾಯಿತು. ನೌಕಾಪಡೆಯ ಕಡೆಯಿಂದ ಬಂದ ಕಮಾಂಡರ್ ಮೇಜಿನ ತುದಿಯಲ್ಲಿ ಕೂತಿದ್ದರು. ಯಾರು ಏನೇ ಹೇಳಿದರೂ ಅವರ ತಲೆ ಅಲುಗುವುದಿಲ್ಲ. ನಾನು ಅವರಿಗೆ ಕಬ್ಬಿಣದ ಕುತ್ತಿಗೆ ಎಂದು ಹೆಸರಿಟ್ಟಿದ್ದೇನೆ, ಇದು ಈ ಪುಸ್ತಕದಾಚೆ ಹೋಗದಿರಲಿ.

ದೋಣಿಯಲ್ಲಿ ಯಾರೂ ಇರುವುದಿಲ್ಲ ಎಂಬುದಕ್ಕೆ ಎಲ್ಲರ ಒಪ್ಪಿಗೆಯಿತ್ತು. ಆಮೇಲೆ ಬ್ಯಾಟರಿ ಎದ್ದು, ಚಾರ್ಜ್ ಮಾಡಲು ಇಬ್ಬರು ಬೇಕು ಎಂದ. ಉಪ್ಪುನೀರು ತೊಳೆಯಲು ಇಬ್ಬರು. ಪರದೆ ನೋಡಲು ಮೂರು ಪಾಳಿ. ಪರದೆ ನೋಡುವವರು ತೂಕಡಿಸುತ್ತಾರೋ ಎಂದು ನೋಡಲು ಒಬ್ಬ. ಏನಾದರೂ ಎಡವಟ್ಟಾದರೆ ಹೊಣೆ ಯಾರದ್ದೆಂದು ತೀರ್ಮಾನಿಸಲು ಒಬ್ಬ ವಕೀಲ. ಊಟದ ಹೊತ್ತಿಗೆ ನನ್ನ ಹಡಗಿನಲ್ಲಿ ನಾವಿಕರಿಗಿಂತ ಜನರಹಿತ ವಿಭಾಗದ ಜನರೇ ಹೆಚ್ಚಾಗಿದ್ದರು. ಅವರ ಮಂಚಗಳಿಗೆ ಜಾಗ ಎಲ್ಲಿಂದ ತರಲಿ?

ರಾತ್ರಿ ಅವಳ ಫೋನು. ಗೋಳು ಹೇಳಿಕೊಂಡೆ. ಪೂರ್ತಿ ಕೇಳಿಸಿಕೊಂಡು, "ಊಟ ಆಯ್ತಾ?" ಎಂದಳು. ನಾನು ಹೇಳಿದ್ದಕ್ಕೂ ಅದಕ್ಕೂ ಏನು ಸಂಬಂಧವೋ.

ಏಪ್ರಿಲ್ ೧೪, ಭಾನುವಾರ

ಕಚೇರಿಯಲ್ಲಿ ಸದ್ದು ಜಾಸ್ತಿ, ಹಾಲಿನಲ್ಲಿ ಮಾವನ ರೇಡಿಯೋ. ಅವಳ ಓದುವ ಕೋಣೆ ಸುಮ್ಮನೆ ಖಾಲಿ ಬಿದ್ದಿತ್ತು. ನನ್ನ ನಕ್ಷೆಯ ಮೇಜು, ಕಾಗದದ ಸುರುಳಿಗಳು, ಹಡಗಿನ ಮರದ ಮಾದರಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಅವಳ ಮೇಜನ್ನು ಬಾಲ್ಕನಿಗೆ ಹಾಕಿ ಮೇಲೊಂದು ಪ್ಲಾಸ್ಟಿಕ್ ಹೊದಿಸಿದೆ. ಕುರ್ಚಿ ಅಡುಗೆಮನೆಯ ಮೂಲೆಗೆ ಹೋಯಿತು.

ಮಾವ ಬಾಗಿಲಲ್ಲಿ ನಿಂತು ನೋಡಿದರು. "ಅಳಿಯಂದ್ರೇ, ಇದು ಒತ್ತುವರಿ ಪ್ರಕರಣ."

"ಮಾವ, ಅವಳು ಬಂದಾಗ ತೆಗೆದ್ರಾಯ್ತು."

"ಎಲ್ಲಾ ಒತ್ತುವರಿದಾರರೂ ಹೀಗೇ ಹೇಳ್ತಾರೆ" ಎಂದು ರೇಡಿಯೋಗೆ ಮರಳಿದರು.

ಏಪ್ರಿಲ್ ೨೬, ಶುಕ್ರವಾರ

ಇವತ್ತಿನ ದಿನ ನನ್ನದು! ಮಂಚಗಳ ಜಾಗಕ್ಕಾಗಿ ಹಡಗಿನ ಸಭಾಕೋಣೆಯನ್ನು ನಕ್ಷೆಯಿಂದ ಕಿತ್ತು ಹಾಕಿದ್ದೆ, ಅದಕ್ಕೆ ಕಬ್ಬಿಣದ ಕುತ್ತಿಗೆ ತಕರಾರು ತೆಗೆದರು. ಗಣ್ಯರು ಹಡಗು ನೋಡಲು ಬಂದರೆ ಎಲ್ಲಿ ಕೂರಿಸುವುದು? ಆಗ ನನ್ನ ತಲೆಯಲ್ಲಿ ದೀಪ ಹತ್ತಿತು.

"ಸರ್, ದೋಣಿಗಳು ಹೊರಗೆ ಹೋದಾಗ ಗೂಡು ಖಾಲಿ ಬಿದ್ದಿರುತ್ತಲ್ಲ. ಅಲ್ಲೇ ಮೇಜು ಕುರ್ಚಿ ಹಾಕೋಣ" ಎಂದೆ. ಮನೆಯಲ್ಲಿ ಮಾಡಿ ನೋಡಿದ ಉಪಾಯ ಎಂದು ಹೇಳಲಿಲ್ಲ.

ದೊಡ್ಡವರು ಮೇಜು ಕುಟ್ಟಿದರು. ಕುತ್ತಿಗೆಯೂ ಒಂಚೂರು ಅಲುಗಿತೆಂದು ಬ್ಯಾಟರಿ ಆಣೆ ಮಾಡಿ ಹೇಳುತ್ತಾನೆ. ಗೂಡಿಗೆ ಬಹೂಪಯೋಗಿ ಸಭಾಂಗಣ ಎಂಬ ಹೆಸರಾಯಿತು. ರತ್ನಗಂಬಳಿಯ ಬಣ್ಣ ಆರಿಸಲು ಉಪಸಮಿತಿಯನ್ನೂ ನೇಮಿಸಿದರು.

ಅವಳಿಗೆ ಹೇಳೋಣವೆಂದು ಫೋನು ಮಾಡಿದೆ. ತರಗತಿಯಲ್ಲಿದ್ದಳು.

ಮೇ ೧೧, ಶನಿವಾರ

ಬಂದಿದ್ದಾಳೆ. ನಾಲ್ಕು ದಿನ ರಜೆ ಹಾಕಿದ್ದಾಳಂತೆ. ನಾನು ಸಂಜೆಯವರೆಗೆ ಕಚೇರಿಯಲ್ಲಿದ್ದೆ. ಬಂದು ನೋಡಿದರೆ ಕೈಚೀಲ ಹೆಗಲಲ್ಲೇ ಇದೆ, ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ.

"ಮೇಜು ಎಲ್ಲಿ?"

"ಬಾಲ್ಕನಿಯಲ್ಲಿದೆ. ಪ್ಲಾಸ್ಟಿಕ್ ಹೊದಿಸಿದ್ದೀನಿ, ಏನೂ ಆಗಿಲ್ಲ."

ಬಾಲ್ಕನಿಗೆ ಹೋದಳು, ಪ್ಲಾಸ್ಟಿಕ್ ಎತ್ತಿ ನೋಡಿದಳು, ಮತ್ತೆ ಹೊದಿಸಿದಳು. ಅಡುಗೆಮನೆಗೆ ಹೋದಳು. ಮತ್ತೆ ಕೋಣೆಯ ಬಾಗಿಲಿಗೆ ಬಂದಳು. ಹಡಗಿನ ಮಾದರಿಯನ್ನು ಬೇಕಾದರೆ ಈಗಲೇ ಸರಿಸುತ್ತೇನೆ ಎಂದೆ. ಎಲ್ಲಿಗೆ ಎಂದು ಕೇಳಿದಳು. ಅದು ನನಗೂ ಹೊಳೆಯಲಿಲ್ಲ. ಎರಡು ಗಜ ಉದ್ದವಿದೆ, ಬಾಗಿಲಲ್ಲಿ ತಿರುಗಿಸುವುದೇ ಕಷ್ಟ.

ಹಾಲಿನಲ್ಲಿ ಮಾವನ ಪಕ್ಕ ಕೂತು, ಚೀಲ ಮಡಿಲಲ್ಲಿಟ್ಟುಕೊಂಡು ಕಾಫಿ ಕುಡಿದಳು. ನಾನು ಸಭಾಂಗಣದ ಕಥೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ.

ಮೇ ೧೨, ಭಾನುವಾರ

ಬೆಳಗಿನ ರೈಲಿಗೆ ಹೋದಳು. ಇನ್ನೂ ಮೂರು ದಿನ ರಜೆ ಇತ್ತು.

"ಏನಾಯ್ತು ಮಾವ? ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?"

ಮಾವ ರೇಡಿಯೋ ಆರಿಸಿದರು. ನಾನು ಕಂಡಂತೆ ಇದೇ ಮೊದಲು. "ಕಕ್ಷಿದಾರರು ಹಾಜರಾಗಿದ್ರು. ಕೂರೋಕೆ ಜಾಗ ಇರ್ಲಿಲ್ಲ."

ಮೇ ೨೯, ಬುಧವಾರ

ಅಲೆತೊಟ್ಟಿಯಲ್ಲಿ ಪರೀಕ್ಷೆ. ನಮ್ಮ ಕಚೇರಿಯ ಹಿಂದೆ ಉದ್ದನೆಯ ಶೆಡ್ಡಿನಲ್ಲಿ ಈಜುಕೊಳದಂಥ ತೊಟ್ಟಿಯಿದೆ. ಒಂದು ತುದಿಯಲ್ಲಿ ಯಂತ್ರ ಅಲೆ ಎಬ್ಬಿಸುತ್ತದೆ, ಮಾದರಿ ಹಡಗು ಹಳಿಗೆ ಕಟ್ಟಿಸಿಕೊಂಡು ಸಾಗುತ್ತದೆ. ಅದರ ಉಸ್ತುವಾರಿ ಹೊತ್ತಿರುವ ಎಂಜಿನಿಯರ್‌ಗೆ ನಗುವ ಚಟ. ದೊಡ್ಡವರು, ಕಬ್ಬಿಣದ ಕುತ್ತಿಗೆ, ಬ್ಯಾಟರಿ ಎಲ್ಲರೂ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು.

ಇಳಿಸಿದ್ದು ಅಮೋಘವಾಗಿತ್ತು. ಅಂಗೈಗಿಂತ ತುಸು ದೊಡ್ಡ ದೋಣಿ ಸರ್ರನೆ ಜಾರಿ ತೊಟ್ಟಿಯ ಆ ತುದಿಗೆ ಹೋಯಿತು. ಚಪ್ಪಾಳೆ ಬಿತ್ತು.

ಆಮೇಲೆ ಅದು ವಾಪಸು ಬಂತು. ಹಡಗು ತನ್ನ ಪಾಡಿಗೆ ತಾನು ಮುಂದಕ್ಕೆ ಹೋಗುತ್ತಲೇ ಇತ್ತು. ಹಡಗಿನ ಹಿಂದೆ ನೀರು ಕುದಿಯುವ ಪಾತ್ರೆಯ ಹಾಗೆ ಮರಳುತ್ತಿತ್ತು. ದೋಣಿ ಅದರೊಳಗೆ ನುಗ್ಗಿತು, ಅಡ್ಡಬಿತ್ತು, ಸಾವರಿಸಿಕೊಂಡು ಹಿಂದೆ ಸರಿಯಿತು. ಮತ್ತೆ ಬಂತು, ಇಳಿಜಾರಿಗೆ ಮೂತಿ ತಾಗಿಸಿತು, ಜಾರಿತು. ಇನ್ನೊಮ್ಮೆ ಹೇಗೋ ಬಾಗಿಲಿನವರೆಗೆ ಬಂದೇ ಬಿಟ್ಟಿತು. ಒಳಗೆ ಮೇಜು, ಕುರ್ಚಿಗಳು, ರತ್ನಗಂಬಳಿ. ನಮ್ಮ ಮಾದರಿ ತಯಾರಕ ಭಾರೀ ನಿಷ್ಠಾವಂತ, ಮೇಜಿನ ಮೇಲೆ ನೀರಿನ ಲೋಟಗಳನ್ನೂ ಅಂಟಿಸಿದ್ದ. ದೋಣಿ ಮೇಜಿಗೆ ಢಿಕ್ಕಿ ಹೊಡೆದು ಹೊರಬಿತ್ತು.

"ಸರ್, ಮೀಟಿಂಗ್ ನಡೀತಿರಬೇಕು" ಎಂದು ತೊಟ್ಟಿಯ ಎಂಜಿನಿಯರ್ ಕಿಸಕ್ಕನೆ ನಕ್ಕಳು.

ಯಾರೂ ನಗಲಿಲ್ಲ. ದೋಣಿ ಆಮೇಲೆ ಪ್ರಯತ್ನಿಸಲೂ ಇಲ್ಲ. ಮೂಲೆಯಲ್ಲಿ ಸುತ್ತು ಹೊಡೆಯುತ್ತ ಹೊಡೆಯುತ್ತ ಚಾರ್ಜು ಮುಗಿದು ನಿಂತುಬಿಟ್ಟಿತು. ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಕಟ್ಟೆಯ ಮೇಲೆ ಬೋರಲು ಮಲಗಿ, ತೋಳಿನವರೆಗೆ ಕೈ ನೀರಿಗಿಳಿಸಿ ಅದನ್ನು ಎತ್ತಿಕೊಂಡೆ. ಅಂಗಿ ಪೂರ್ತಿ ಒದ್ದೆ. ಅದನ್ನು ಯಾಕೋ ಕಪಾಟಿನಲ್ಲಿಡಲು ಮನಸ್ಸಾಗಲಿಲ್ಲ, ಮನೆಗೆ ತಂದಿದ್ದೇನೆ.

ಮೇ ೩೦, ಗುರುವಾರ

ಫೋನು ಮಾಡಿದೆ. ಯಾವಾಗ ಬರುತ್ತೀ ಎಂದು ಕೇಳಿದೆ. "ನೋಡೋಣ" ಎಂದಳು. ಶಾಲೆಯವರಿಗೆ ಏನು ಹೇಳುತ್ತೀ ಎಂದು ಕೇಳಿದೆ. ಅದಕ್ಕೂ "ನೋಡೋಣ." ಊಟ ಆಯ್ತಾ ಎಂದು ಕೇಳಲಿಲ್ಲ.

ಜೂನ್ ೪, ಮಂಗಳವಾರ

ಸಮಿತಿ ತುರ್ತಾಗಿ ಸೇರಿತು. ಸಮಸ್ಯೆ ಏನೆಂದು ನಾನು ವಿವರಿಸಿದೆ. ಹೋಗುವುದಕ್ಕೆ ಕಟ್ಟುನಿಟ್ಟಾಗಿ ನಕ್ಷೆ ಮಾಡಿದ್ದೇನೆ, ಬರುವುದಕ್ಕೆ ಒಂದು ಗೀಟು ಎಳೆದಿದ್ದೇನೆ, ಆ ಬಾಣದ ಎರಡನೆಯ ತಲೆ ಸುಳ್ಳು ಎಂದೆ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ದೊಡ್ಡವರು ಗಂಟಲು ಸರಿಪಡಿಸಿಕೊಂಡು, ಕಡತದಲ್ಲಿ ದೋಣಿ ಮರಳಿ ಬರತಕ್ಕದ್ದು ಎಂದಿರುವುದನ್ನು ಮರಳಿ ಬರಬಹುದು ಎಂದು ತಿದ್ದಿದರೆ ಹೇಗೆ ಎಂದರು. ಎಲ್ಲರಿಗೂ ಹಾಯೆನಿಸಿತು. ಕಬ್ಬಿಣದ ಕುತ್ತಿಗೆಯೂ ಆಕ್ಷೇಪಿಸಲಿಲ್ಲ. ಬ್ಯಾಟರಿಯಂತೂ ಪೂರ್ತಿ ಚಾರ್ಜಾಗಿ, "ಬರದಿದ್ರೆ ಬಿಡಲಿ ಸಾರ್, ಹೊಸದು ತಂದ್ರಾಯ್ತು" ಎಂದ.

"ಹೊಸದು ಅಂದ್ರೆ?" ಎಂದೆ.

"ಹೊಸದು ಅಂದ್ರೆ ಹೊಸದು. ಇದಕ್ಕಿಂತ ಚೆನ್ನಾಗಿರೋದು ಸಿಗುತ್ತೆ."

ನಾನು ಎದ್ದು ನಿಂತದ್ದು ನೆನಪಿದೆ. ಆಮೇಲೆ ಕೂಗಿದ್ದು ಪಕ್ಕದ ಕಟ್ಟಡಕ್ಕೂ ಕೇಳಿಸಿತಂತೆ. ಅದು ತಾನಾಗಿ ಹೋಗಿಲ್ಲ, ನಾವು ಕಳಿಸಿದ್ದು, ಅದು ಬಂದು ಬಾಗಿಲು ತಟ್ಟಿದೆ, ನಾವು ಒಳಗೆ ಕುರ್ಚಿ ಹಾಕ್ಕೊಂಡು ಕೂತಿದ್ದೀವಿ, ನಾಚಿಕೆಯಾಗಬೇಕು ನಮಗೆ, ಎಂದೆನಂತೆ. ಬ್ಯಾಟರಿ ಲೋಟದಲ್ಲಿ ನೀರು ಕೊಟ್ಟ. ಆ ಪುಟ್ಟ ದೋಣಿಯ ಮೇಲೆ ನನಗೆ ಇಷ್ಟೊಂದು ಮಮತೆ ಇತ್ತೆಂದು ಗೊತ್ತೇ ಇರಲಿಲ್ಲ. ಕೆಲಸ ಜಾಸ್ತಿಯಾಗಿ ತಲೆ ಕಾದಿರಬೇಕು.

ಅಂತಿಮ ಸಭೆಗೆ ಬೇರೆ ನಕ್ಷೆ ತರುತ್ತೇನೆಂದು ಹೇಳಿ ಬಂದಿದ್ದೇನೆ.

ಜೂನ್ ೯, ಭಾನುವಾರ

ಹೊಸ ನಕ್ಷೆ ಅವಳ ಕೋಣೆಯಲ್ಲಿ ಕೂತು ಬರೆಯಲಾಗಲಿಲ್ಲ. ಬೆಳಕು ಸರಿಯಿಲ್ಲ ಅನಿಸಿತು. ಇಷ್ಟು ದಿನ ಸರಿಯಿತ್ತು. ಕಾಗದಗಳನ್ನೆಲ್ಲ ಹೊರಗೆ ತಂದೆ, ಆಮೇಲೆ ಮೇಜನ್ನೂ ತಂದೆ. ಹಡಗು ಬಾಗಿಲಲ್ಲಿ ಸಿಕ್ಕಿಕೊಂಡಿತು. ಮಾವ ಎದ್ದು ಬಂದು ಒಂದು ತುದಿ ಹಿಡಿದರು.

"ಒತ್ತುವರಿ ತೆರವಾ?"

"ಬೆಳಕು ಸರಿಯಿಲ್ಲ ಮಾವ."

"ಓಹೋ. ಬೆಳಕು." ಇಬ್ಬರೂ ಸೇರಿ ಅವಳ ಮೇಜನ್ನು ಕಿಟಕಿಯ ಕೆಳಗೆ ಇಟ್ಟೆವು. ಒಂದು ಕಾಲು ಉಬ್ಬಿತ್ತು, ಪ್ಲಾಸ್ಟಿಕ್ಕಿನೊಳಗೆ ನೀರು ಹೋಗಿದೆ. ಏನೂ ಆಗಿಲ್ಲ ಎಂದಿದ್ದೆನಲ್ಲ ಅವಳಿಗೆ. ಉಜ್ಜುಕಾಗದದಲ್ಲಿ ಉಜ್ಜಿ ಎಣ್ಣೆ ಹಚ್ಚಿದೆ. ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಹಡಗು ಈಗ ಹಾಲಿನಲ್ಲಿದೆ. ಮಾವ ಅದರ ಮೇಲೆ ರೇಡಿಯೋ ಇಟ್ಟಿದ್ದಾರೆ. ನಾನು ನಕ್ಷೆ ಬರೆಯುವುದು ಊಟದ ಮೇಜಿನಲ್ಲಿ, ಸುದ್ದಿಯ ಗಲಾಟೆಯ ನಡುವೆ. ಕೆಲಸವೇನೋ ಚೆನ್ನಾಗಿಯೇ ಸಾಗುತ್ತಿದೆ.

ಜೂನ್ ೧೪, ಶುಕ್ರವಾರ

ಅಂತಿಮ ಸಭೆ. ಮರಳಿ ಬರುವುದಕ್ಕೆ ಪ್ರತ್ಯೇಕವಾಗಿ ಒಂದು ಕಟ್ಟು ನಕ್ಷೆ ಒಯ್ದಿದ್ದೆ, ಹೋಗುವ ಕಟ್ಟಿಗಿಂತ ದಪ್ಪ. ದೋಣಿ ಹತ್ತಿರ ಬಂದಾಗ ತಾಯಿ ಹಡಗು ವೇಗ ತಗ್ಗಿಸುತ್ತದೆ. ಗಾಳಿಗೆ ಮೈಯೊಡ್ಡಿ ಅಡ್ಡ ತಿರುಗುತ್ತದೆ. ಅದರ ಮರೆಯಲ್ಲಿ ನೀರು ತಣ್ಣಗಾಗುತ್ತದೆ. ದೋಣಿ ಆ ಮರೆಯಲ್ಲಿ ಬಂದು ಒಳಸೇರುತ್ತದೆ. ಗೂಡಿನ ನೆಲದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ: ಇಲ್ಲಿ ಏನನ್ನೂ ಇಡಬಾರದು.

ಕಬ್ಬಿಣದ ಕುತ್ತಿಗೆ ಮೊದಲ ಬಾರಿಗೆ ನನ್ನ ಕಡೆ ತಿರುಗಿತು. "ಒಂದು ಯುದ್ಧನೌಕೆ ಒಂದು ದೋಣಿಗೋಸ್ಕರ ನಿಧಾನ ಮಾಡಬೇಕಾ?"

"ಹೌದು ಸರ್."

"ದಾರಿ ಬದಲಾಯಿಸಬೇಕಾ?"

"ಬದಲಾಯಿಸಬೇಕು ಸರ್. ದೊಡ್ಡದು ತಿರುಗದಿದ್ರೆ ಚಿಕ್ಕದು ಬರೋಕಾಗಲ್ಲ."

"ಮತ್ತೆ ಗಣ್ಯರು ಎಲ್ಲಿ ಕೂರ್ತಾರೆ?"

"ನಿಂತ್ಕೊಳ್ಳಲಿ ಸರ್."

ಮಧ್ಯಾಹ್ನದ ಹೊತ್ತಿಗೆ ದೊಡ್ಡವರು ಕರೆದು, ನನಗೆ ವಿಶ್ರಾಂತಿ ಬೇಕಾಗಿದೆ ಎಂದರು. ತಾಯಿ ಹಡಗು ಇನ್ನು ಬ್ಯಾಟರಿಯದು, ಸಭಾಂಗಣ ಸಮೇತ. ನನಗೆ ಬಂದರಿನ ಹೂಳೆತ್ತುವ ದೋಣಿಯ ವಿನ್ಯಾಸ. ಕೆಸರು ಬಗೆಯುವುದು, ಸುರಿಯುವುದು. ಬೇಜಾರಾಗಿದೆ, ಇಲ್ಲವೆನ್ನಲಾರೆ. ಆದರೆ ಮೆಟ್ಟಿಲಿಳಿಯುವಾಗ ನಾನು ಯೋಚಿಸುತ್ತಿದ್ದದ್ದು ಎಷ್ಟು ದಿನ ರಜೆ ಬಾಕಿಯಿದೆ ಎಂದು.

ಜೂನ್ ೧೫, ಶನಿವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಎಡಗಡೆ ಒಬ್ಬ ನಿದ್ದೆಯಲ್ಲಿ ನನ್ನ ಭುಜವನ್ನೇ ದಿಂಬು ಮಾಡಿಕೊಂಡಿದ್ದಾನೆ. ಎದುರಿನ ಅಜ್ಜಿ ಎಲ್ಲಿಗೆ, ಯಾಕೆ, ಎಷ್ಟು ಮಕ್ಕಳು ಎಂದೆಲ್ಲ ಕೇಳಿ ಮುಗಿಸಿ ಒಂದು ಕಿತ್ತಳೆ ಕೊಟ್ಟರು. ತಿಂದೆ.

ಬೆಳಿಗ್ಗೆ ಫೋನು ಮಾಡಿದಾಗ ಅವಳು ನಾನು ಬಾಯಿ ತೆರೆಯುವ ಮೊದಲೇ, "ರೀ, ಈ ವಾರ ಬರೋಕಾಗಲ್ಲ" ಎಂದಳು.

"ನೀನು ಬರಬೇಡ. ನಾನೇ ಬರ್ತಿದ್ದೀನಿ."

"ಆಫೀಸ್ ಕೆಲಸವಾ?"

"ಅಲ್ಲ."

ಆಮೇಲೆ, "ನಿಲ್ದಾಣದಿಂದ ಎಡಕ್ಕೆ ತಿರುಗಿ" ಎಂದಳು.

ಹೊರಡುವಾಗ ಮಾವ ಬಾಗಿಲವರೆಗೆ ಬಂದರು. ಅವರೊಬ್ಬರನ್ನೇ ಬಿಟ್ಟು ಹೋಗುವುದು ಹೇಗೆಂದು ಅಳುಕಿತ್ತು. "ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದಾರೆ, ಅರ್ಜಿ ಸ್ವೀಕರಿಸಿದ್ದೀನಿ" ಎಂದರು. ಆಮೇಲೆ ನನ್ನ ಕಾಲರು ಸರಿಮಾಡಿ, "ವಾದ ಮಾಡೋಕೆ ಹೋಗಬೇಡಿ ಅಳಿಯಂದ್ರೇ. ಹಾಜರಾಗಿ, ಸಾಕು" ಎಂದರು.

ಜೂನ್ ೧೬, ಭಾನುವಾರ

ಅವಳು ಬಾಡಿಗೆಗೆ ಹಿಡಿದಿರುವುದು ಒಂದೇ ಕೋಣೆ. ನನ್ನ ಹಡಗಿನ ಅಡುಗೆಯವನಿಗೂ ಇದಕ್ಕಿಂತ ದೊಡ್ಡದು ಕೊಟ್ಟಿದ್ದೆ. ಮಂಚ, ಮೇಜು, ಕಿಟಕಿ, ಗೋಡೆಗೊಂದು ಕಪಾಟು. ಪುಸ್ತಕಗಳು ನೆಲದ ಮೇಲಿವೆ, ಬಟ್ಟೆಗಳು ಪೆಟ್ಟಿಗೆಯಲ್ಲೇ ಇವೆ, ಪಾತ್ರೆಗಳು ಮಂಚದ ಕೆಳಗೆ. ಇಷ್ಟು ಇಕ್ಕಟ್ಟಿನಲ್ಲಿ ಕಪಾಟಿನ ನಡುವಿನ ಒಂದು ಅರೆ ಮಾತ್ರ ಖಾಲಿ. ಧೂಳು ಒರೆಸಿ ಕಾಗದ ಹಾಸಿದ್ದಾಳೆ.

ಕೂತಲ್ಲಿಂದ ಅದನ್ನೇ ನೋಡಿದೆ. ವೃತ್ತಿಯ ಚಟ, ಜಾಗ ಪೋಲಾದರೆ ನನಗೆ ಸಹಿಸಲಾಗುವುದಿಲ್ಲ.

"ಅದೇನು, ಸುಮ್ಮನೆ ಖಾಲಿ ಬಿಟ್ಟಿದ್ದೀಯ?"

"ಬಂದ ದಿನದಿಂದ ಹಾಗೇ ಇದೆ."

"ಯಾಕೆ?"

"ನೀವು ಬಂದ್ರೆ ಅಂಗಿ ಎಲ್ಲಿ ಇಡ್ತೀರಿ?" ಎಂದು ಒಲೆಯ ಕಡೆ ತಿರುಗಿಕೊಂಡಳು.

ಮೇಜಿಗೆ ಎಣ್ಣೆ ಹಚ್ಚಿದ್ದೇನೆ, ಕಿಟಕಿಯ ಕೆಳಗೇ ಇಟ್ಟಿದ್ದೇನೆ ಎಂದು ಹೇಳಬೇಕೆಂದಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಗೆ ಹೇಳುವುದೆಂದು ಯೋಚಿಸಿದ್ದೆ. ಹೇಳಲಿಲ್ಲ. ಜೂನ್ ಕೊನೆಯ ಮಾತನ್ನೂ ಎತ್ತಲಿಲ್ಲ.

"ಎಷ್ಟು ದಿನ ಇರ್ತೀರಿ?" ಎಂದು ಬೆನ್ನು ಹಾಕಿಯೇ ಕೇಳಿದಳು.

"ಹೂಳಿಗೆ ಅವಸರವಿಲ್ಲ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ನಕ್ಕಳು.

ಚೀಲ ಬಿಚ್ಚಿ ಮೂರು ಅಂಗಿಗಳನ್ನು ಅರೆಯಲ್ಲಿ ಜೋಡಿಸಿದೆ. ಪಕ್ಕದಲ್ಲಿ ಆ ಪುಟ್ಟ ದೋಣಿಯನ್ನು ಇಟ್ಟೆ. ಸರಿಯಾಗಿ ಹಿಡಿಸಿತು.